ಮೋಟಾರು ಎಂಜಿನಿನ ಉಸಿರು

ಮೋಟಾರು ಕಾರು ಪೆಟ್ರೋಲನ್ನು ಕುಡಿಯುತ್ತದೆಂಬುದನ್ನು ಎಲ್ಲರೂ ಬಲ್ಲರು. ಗಾಳಿಯನ್ನು ಎಷ್ಟು ಕುಡಿಯುತ್ತದೆಂಬುದನ್ನು ಬಲ್ಲವರು ವಿರಳ. ಒಂದು ಲೀಟರು ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 11 ಕಿಲೋಗ್ರಾಂ ಗಾಳಿ ಬೇಕು. ಸಮುದ್ರಮಟ್ಟದಿಂದ ಸುಮಾರು 880 ಮೀಟರು ಎತ್ತರದಲ್ಲಿರುವ ಶಿಡ್ಲಘಟ್ಟದಲ್ಲಿ ಅಷ್ಟು ಗಾಳಿಯ ಗಾತ್ರ ಹೆಚ್ಚು ಕಡಮೆ 10,000 ಲೀಟರು!

ಅದು ಬರಿಯ ಗಾಳಿಯೂ ಅಲ್ಲ. ಬೇಸಗೆಯಲ್ಲಿ ರೇಷ್ಮೆಗೂಡುಗಳನ್ನು ಹೊತ್ತು ಮಾರುಕಟ್ಟೆಗೆ ಬರುವ ವಾಹನಗಳ ಹಿಂದೆ, ಹಳ್ಳಿಯ ಮಣ್ಣುದಾರಿಯಲ್ಲಿ ಏಳುವ ಧೂಳನ್ನು ನೆನೆಯಿರಿ. ಕಗ್ಗಲ್ಲು ಸವೆದು ಆದ ಈ ನೆಲದ ಮಣ್ಣಿನಲ್ಲಿ ಬೆಣಚುಕಲ್ಲಿನ ಕಣಗಳು ಹೇರಳ. ಅವು ಕಬ್ಬಿಣಕ್ಕಿಂತ ಗಡುಸು. ಸಿಲಿಂಡರಿನ ಎಣ್ಣೆಯಲ್ಲಿ ಬೆರೆತರೆ, ಪಿಸ್ಟನ್ನಿನ ಬಳೆಗಳನ್ನು ಅರದಂತೆ ತೇಯುತ್ತವೆ.

ಕಾರ್ಬುರೇಟರುಳ್ಳ ಹಳೆಯ ಕಾರುಗಳನ್ನು ವೇಗಕ್ಕಾಗಿ ಹದಗೊಳಿಸುವವರಲ್ಲಿ ಕೆಲವರು ವಾಯುಶೋಧಕವನ್ನೇ ಕಿತ್ತು, ತಂತಿಯ ಬಲೆಯೊಂದನ್ನು ಕಟ್ಟುವುದುಂಟು. ಇದರಿಂದ ಲಾಭವೆಷ್ಟು? ಲೆಕ್ಕ ಹಾಕಿ ನೋಡೋಣ.

ಪ್ರೀಮಿಯರ್ ಪದ್ಮಿನಿ ಕಾರಿನ ಎಂಜಿನು 1089 ಘನ ಸೆಂಟಿಮೀಟರಿನದು. ಎರಡು ಸುತ್ತಿಗೊಮ್ಮೆ ಅದು ಅಷ್ಟು ಗಾಳಿಯನ್ನು ಎಳೆದುಕೊಳ್ಳಬೇಕು. ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಇದು ಸುಮಾರು 2,700 ಲೀಟರಾಗುತ್ತದೆ. ಸಿಲಿಂಡರು ಐದರಲ್ಲಿ ನಾಲ್ಕು ಪಾಲು ಮಾತ್ರ ತುಂಬಿದರೂ 2,200 ಲೀಟರು. ಇಷ್ಟು ಗಾಳಿ ಸಲೀಸಾಗಿ ಹಾಯಲು ದೊಡ್ಡ ರಂಧ್ರಗಳು ಬೇಕಿಲ್ಲ. ವಿಶಾಲವಾದ ಮೈ ಬೇಕು. ಆದುದರಿಂದಲೇ ಶೋಧಕದ ಕಾಗದವನ್ನು ಸೀರೆಯ ನಿರಿಗೆಯಂತೆ ಮಡಿಸಿರುತ್ತಾರೆ. ಮೈ ಇಮ್ಮಡಿಯಾದರೆ ಗಾಳಿಗೆ ತಡೆ ಸುಮಾರು ಅರ್ಧವಾಗುತ್ತದೆ. ಧೂಳನ್ನು ತಡೆಯುವ ಶಕ್ತಿ ಕುಗ್ಗುವುದಿಲ್ಲ. ಎಣ್ಣೆ ಸವರಿದ ಹತ್ತಿಯ ಅಥವಾ ಸ್ಪಂಜಿನ ಶೋಧಕಗಳೂ ಉಂಟು. ಇವನ್ನು ತೊಳೆದು ಮತ್ತೆ ಬಳಸಬಹುದು. ಆದರೆ ಎಣ್ಣೆ ಆರಿದರೆ ನಯವಾದ ಧೂಳು ನುಸುಳೀತು.

ತಡೆಯನ್ನು ಅಳೆಯುವುದು ಸುಲಭ. ನೀರು ತುಂಬಿದ ಯು ಆಕಾರದ ನಳಿಕೆಯ ಒಂದು ತುದಿಯನ್ನು, ಶೋಧಕದ ಪೆಟ್ಟಿಗೆಯಲ್ಲಿ ಸೋಸಿದ ಗಾಳಿಯಿರುವ ಭಾಗಕ್ಕೆ ಜೋಡಿಸಿ, ಇನ್ನೊಂದನ್ನು ತೆರೆದಿಡಬೇಕು. ಎಂಜಿನು ಪೂರ್ಣ ಬಲದಿಂದ ಎಳೆಯುವಾಗ ಎರಡು ಕಡೆಯ ನೀರಿನ ಮಟ್ಟಗಳ ಅಂತರವನ್ನು, ಚಾಲಕನಲ್ಲದ ಮತ್ತೊಬ್ಬನು ಓದಬೇಕು. ಶಿಡ್ಲಘಟ್ಟದಲ್ಲಿ ವಾಯುಮಂಡಲದ ಒತ್ತಡ 9 ಮೀಟರಿಗೂ ಮಿಗಿಲಾದ ನೀರಿನ ಕಂಬಕ್ಕೆ ಸಮ. ಅಂತರ 9 ಸೆಂಟಿಮೀಟರು ಬಂದರೆ ನಷ್ಟ ನೂರರಲ್ಲಿ ಸುಮಾರು ಒಂದು ಪಾಲು. ಈ ಊರಿನ ಎತ್ತರವೇ ಕರಾವಳಿಗೆ ಹೋಲಿಸಿದರೆ ಎಂಜಿನಿನ ಬಲದಲ್ಲಿ ಹತ್ತರಲ್ಲೊಂದು ಪಾಲನ್ನು ಕಸಿದುಕೊಂಡಿರುತ್ತದೆ!

ಅಂತರ ದಿನೇ ದಿನೇ ಬೆಳೆದರೆ ಶೋಧಕ ಕಟ್ಟಿಕೊಂಡಿದೆಯೆಂದು ತಿಳಿದು ಬದಲಾಯಿಸಬೇಕು. ಹೊಸತರಲ್ಲಿಯೇ ಅದು ಅತಿಯಾಗಿದ್ದರೆ, ಇನ್ನೂ ವಿಶಾಲವಾದುದನ್ನು ಆರಿಸಬೇಕು. ಶೋಧಕ ಬದಲಾದರೆ ಗಾಳಿ ಪೆಟ್ರೋಲುಗಳ ಪ್ರಮಾಣವೂ ವ್ಯತ್ಯಾಸವಾದೀತು. ಕಾರ್ಬುರೇಟರಿನ ಜೆಟ್ಟನ್ನು ಪರೀಕ್ಷಿಸುವುದು ಅವಶ್ಯ. ಅಲ್ಲದೆ ಎಂಜಿನು ಹಿಮ್ಮುಖವಾಗಿ ಸಿಡಿದಾಗ ಜ್ವಾಲೆ ಹೊರಚಿಮ್ಮದಂತೆ ತಡೆಯುವುದರಲ್ಲಿಯೂ ಶೋಧಕದ ನೆರವುಂಟು.

ನೂರರಲ್ಲೊಂದು ಪಾಲು ಬಲದ ಆಸೆಗೆ ಎಂಜಿನಿನ ಆಯುಸ್ಸನ್ನೇ ತೆರುವುದು ಜಾಣತನವಲ್ಲ.