ದಡ್ಡನೆಂದು ಬರೆದಿಟ್ಟವನು

ಕಾರವಾರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬನನ್ನು ನಾನು ದಡ್ಡರ ಪಟ್ಟಿಗೆ ಸೇರಿಸಿದ್ದೆ. ಒಮ್ಮೆ ಅದೇ ಲೆಕ್ಕವನ್ನು ಅವನ ಮನೆಮಾತಾದ ಕೊಂಕಣಿಯಲ್ಲಿ ಕೇಳಿದೆ. ಉತ್ತರ ಥಟ್ಟನೆ ಬಂತು. ತೊಡಕಿದ್ದುದು ಪ್ರಶ್ನೆಯ ಕನ್ನಡದಲ್ಲಿ.

ಅವನ ಮನೆಗೆ ಹೋದಾಗ ಇನ್ನೊಂದು ಸಂಗತಿ ಅರಿವಾಯಿತು. ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ನಿಷೇಧವಿದೆ. ಮೀನಿನ ಸಂತತಿ ಉಳಿಯಲು ಅದು ಬೇಕು, ತಕರಾರಿಲ್ಲ. ಆದರೆ ಶಾಲೆ ಆರಂಭವಾಗುವುದೂ ಅದೇ ಹೊತ್ತಿಗೆ. ದೋಣಿ ದಡದಲ್ಲಿ, ಅಪ್ಪ ಜಗುಲಿಯಲ್ಲಿ. ನೋಟುಬುಕ್ಕು, ಕೊಡೆ, ಶುಲ್ಕ ಎಲ್ಲಕ್ಕೂ ಸಾಲ. ಆ ಚಿಂತೆಯನ್ನು ಹೊತ್ತು ತರಗತಿಯಲ್ಲಿ ಕೂತ ಮಗುವಿನ ಮೌನವನ್ನು ನಾವು ಉಡಾಫೆಯೆಂದು ಓದುತ್ತೇವೆ. ಸರಕಾರಿ, ಅನುದಾನಿತ ಪ್ರೌಢಶಾಲೆಗಳಿಗೆ 2007ರಲ್ಲಿ ಬಿಸಿಯೂಟ ಬಂತು. ಹೊಟ್ಟೆಯ ಪ್ರಶ್ನೆಗೆ ಅಷ್ಟಾದರೂ ಉತ್ತರ ಸಿಕ್ಕಿತು.

ನೆರೆಯ ಅಂಕೋಲೆಯಲ್ಲಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ, ಜಿಲ್ಲೆಯ ಬಡ ಮಕ್ಕಳಿಗೆ ಪ್ರೌಢಶಾಲೆಯ ಬಾಗಿಲು ತೆರೆದರು. ಒಳಗೆ ಬಂದವರ ಪಾಡನ್ನು ವಿಚಾರಿಸಲು ಇಂದು ದೊಡ್ಡ ಯೋಜನೆಯೇನೂ ಬೇಕಿಲ್ಲ. ಜೂನ್‌ನಲ್ಲೇ ಶಿಕ್ಷಕರು ಒಂದು ಸುತ್ತು ಮನೆಭೇಟಿ ಮಾಡಲಿ, ಶುಲ್ಕದ ಗಡುವು ಸೆಪ್ಟೆಂಬರಿಗೆ ಹೋಗಲಿ, ಎಂಟನೆಯ ತರಗತಿಯ ಮೊದಲ ತಿಂಗಳು ಲೆಕ್ಕದ ಪ್ರಶ್ನೆಗಳನ್ನು ಕೊಂಕಣಿಯಲ್ಲೂ ವಿವರಿಸಲಿ. ಕಾರವಾರದ ಅನೇಕ ಶಿಕ್ಷಕರಿಗೆ ಆ ಭಾಷೆ ಚೆನ್ನಾಗಿಯೇ ಬರುತ್ತದೆ. ತರಗತಿಯೊಳಗೆ ಆಡಲು ಸಂಕೋಚ, ಅಷ್ಟೆ.