ಚಿನ್ನಸ್ವಾಮಿ ಕ್ರೀಡಾಂಗಣ: ಹಿರಿಮೆಯೂ ಹೊಣೆಯೂ

ಗೂಳೂರು ಗಣಪತಿಯ ವಿಸರ್ಜನೆಗೆ ಸೇರುವ ಜನಸ್ತೋಮವನ್ನು ಕಂಡು ಬೆಳೆದವರು ನಾವು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವೂ ಅಂತಹುದೇ ಜನಸ್ತೋಮವನ್ನು ಸೆಳೆಯುವ ತಾಣ.

೧೯೬೯ರಲ್ಲಿ ಇದಕ್ಕೆ ಅಡಿಗಲ್ಲು ಬಿದ್ದಿತು. ೧೯೭೪ರ ನವೆಂಬರ್ ೨೨ರಂದು ವೆಸ್ಟ್ ಇಂಡೀಸ್ ವಿರುದ್ಧ ಇಲ್ಲಿನ ಮೊದಲ ಟೆಸ್ಟ್ ಪಂದ್ಯ ಆರಂಭವಾಯಿತು. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಅವರಂತಹ ಮಹಾನ್ ದಾಂಡಿಗರು ಟೆಸ್ಟ್ ಕ್ರಿಕೆಟಿಗೆ ಪದಾರ್ಪಣೆ ಮಾಡಿದ್ದು ಆ ಪಂದ್ಯದಲ್ಲಿಯೇ. ರಾಜ್ಯ ಕ್ರಿಕೆಟ್ ಸಂಸ್ಥೆಗಾಗಿ ನಾಲ್ಕು ದಶಕ ದುಡಿದು, ೧೯೭೭ರಿಂದ ೧೯೮೦ರವರೆಗೆ ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದ ಎಂ. ಚಿನ್ನಸ್ವಾಮಿಯವರ ಹೆಸರನ್ನು ಅನಂತರ ಇದಕ್ಕೆ ಇಡಲಾಯಿತು. ೧೯೯೬ರ ವಿಶ್ವಕಪ್ಪಿನ ವೇಳೆಗೆ ಹೊನಲು ಬೆಳಕು ಬಂದಿತು. ಮಾರ್ಚ್ ೯ರ ರಾತ್ರಿ ಭಾರತವು ಪಾಕಿಸ್ತಾನವನ್ನು ಇಲ್ಲಿಯೇ ಮಣಿಸಿತು. ೨೦೧೫ರಲ್ಲಿ ಚಾವಣಿಗೆ ಸೌರಫಲಕಗಳೂ, ೨೦೧೭ರಲ್ಲಿ ಮೈದಾನದ ಮಳೆನೀರನ್ನು ಬೇಗನೆ ಹೀರಿ ಹೊರಹಾಕುವ ವ್ಯವಸ್ಥೆಯೂ ಬಂದವು.

ಆದರೆ ೨೦೨೫ರ ಜೂನ್ ೪ರಂದು ಬೆಂಗಳೂರು ತಂಡದ ಐಪಿಎಲ್ ವಿಜಯೋತ್ಸವಕ್ಕೆ ಬಂದವರಲ್ಲಿ ೧೧ ಮಂದಿ, ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ ಅಸುನೀಗಿದರು. ಅವರಲ್ಲಿ ಬಹುಪಾಲು ಎಳೆಯ ಪ್ರಾಯದವರು. ಒಳಗಿನ ಮಳೆನೀರಿಗೆ ಹಾದಿ ಮಾಡಿಕೊಟ್ಟ ನಾವು, ಹೊರಗೆ ನಿಂತ ಮಕ್ಕಳಿಗೆ ಹಾದಿ ಮಾಡಿಕೊಡಲಿಲ್ಲ.

ಕ್ರೀಡಾಂಗಣದ ನಿಜವಾದ ಹಿರಿಮೆ, ಬಂದವರೆಲ್ಲರೂ ಸುರಕ್ಷಿತವಾಗಿ ಮನೆ ಸೇರುವುದರಲ್ಲಿದೆ. ಬಾಗಿಲಲ್ಲಿ ನೂಕಾಟ ಕಂಡರೆ ಹಿಂದಿರುಗಿ ಬರುವುದು ಸೋಲಲ್ಲವೆಂದು ನಮ್ಮ ಮಕ್ಕಳಿಗೆ ಇಂದೇ ತಿಳಿಹೇಳೋಣ.