ಗುಂಡ್ಲುಪೇಟೆಯ ಮೇಲಿನ ಬೆಟ್ಟ ಮತ್ತು 147

ಚಾಮರಾಜನಗರದಿಂದ ಬಂದವರಾಗಲಿ, ಮೈಸೂರಿನಿಂದ ಬಂದವರಾಗಲಿ, ಊಟಿಗೆ ಹೋಗುವವರು ಗುಂಡ್ಲುಪೇಟೆಯಲ್ಲಿ ಒಂದೇ ದಾರಿಗೆ ಬೀಳುತ್ತಾರೆ. ಮಳೆಗಾಲದಲ್ಲಾದರೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬಂಡೀಪುರದ ಕಾಡು ಕಳೆದು, ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿದರೆ ಊಟಿ. ಸಸ್ಯೋದ್ಯಾನ, ದೋಣಿ ವಿಹಾರ, ಚಾಕೊಲೇಟು ಮುಗಿಸಿ ಸಂಜೆಗೆ ಕೆಳಗಿಳಿಯುವ ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತು, ಸ್ನೂಕರ್ ಆಟದ ನಿಯಮಗಳು ರೂಪುಗೊಂಡು ಗೋಡೆಗೇರಿದ್ದು ಆ ಊರಿನ ಊಟಿ ಕ್ಲಬ್ಬಿನಲ್ಲಿ ಎಂಬುದು?

ನೆವಿಲ್ ಚೇಂಬರ್ಲಿನ್ ಎಂಬ ಸೇನಾಧಿಕಾರಿ (ಬ್ರಿಟನ್ನಿನ ಪ್ರಧಾನಿಯಾಗಿದ್ದವರು ಬೇರೆ) 1875ರಲ್ಲಿ ಜಬಲ್ಪುರದಲ್ಲಿ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಹೊಸ ಆಟ ಕಟ್ಟಿದ. 1880ರ ದಶಕದ ಆರಂಭದಲ್ಲಿ ಊಟಿಗೆ ಬಂದಾಗ ಆಟವೂ ಅವನ ಜೊತೆ ಬೆಟ್ಟ ಹತ್ತಿತು. ಆಮೇಲೆ ಅರ್ಧ ಶತಮಾನ ಇದು ಹುಟ್ಟಿದ್ದೆಲ್ಲಿ ಎಂಬುದಕ್ಕೆ ತಲೆಗೊಂದು ಕಥೆ ಓಡಾಡಿತು. ಕಡೆಗೆ 1938ರಲ್ಲಿ, ಇಳಿವಯಸ್ಸಿನ ಚೇಂಬರ್ಲಿನ್ನೇ ‘ದಿ ಫೀಲ್ಡ್’ ಪತ್ರಿಕೆಗೆ ಕಾಗದ ಬರೆದು ನಡೆದದ್ದನ್ನು ಹೇಳಿದ. ಆ ಒಂದು ಕಾಗದ ಇರದಿದ್ದರೆ ಊಟಿಯ ಹೆಸರು ಈ ಆಟದ ಚರಿತ್ರೆಯಲ್ಲಿ ನಿಲ್ಲುವುದು ಕಷ್ಟವಿತ್ತು.

ಸ್ನೂಕರಿನ ದೊಡ್ಡ ಬ್ರೇಕುಗಳ (ಒಂದೇ ಸರದಿಯಲ್ಲಿ ಸತತವಾಗಿ ಗಳಿಸುವ ಅಂಕಗಳ) ಕಥೆಯೂ ಹೀಗೆಯೇ, ಸಾಕ್ಷಿಯ ಕಥೆ. 15 ಕೆಂಪು ಚೆಂಡುಗಳನ್ನು ಒಂದೊಂದಾಗಿ ಪಾಟ್ ಮಾಡಿ, ಅಂದರೆ ಪಾಕೆಟ್ಟಿಗೆ ಕೆಡವಿ, ಪ್ರತಿ ಕೆಂಪಿನ ಬೆನ್ನಿಗೂ ಕಪ್ಪನ್ನೇ ಹಾಕಿದರೆ 120. ಉಳಿದ ಆರು ಬಣ್ಣಕ್ಕೆ 27. ಒಟ್ಟು 147. ಹೊಡೆತ ಗುರಿ ಮುಟ್ಟಿದರೆ ಸಾಲದು. ಬಿಳಿ ಚೆಂಡು ಪ್ರತಿ ಸಲವೂ ಮುಂದಿನ ಹೊಡೆತಕ್ಕೆ ಅನುಕೂಲವಾದ ಜಾಗದಲ್ಲೇ ನಿಲ್ಲಬೇಕು. ಕೆಂಪಿನ ಗುಂಪು ಒಡೆಯುವಾಗ ಅದು ಒಂದಂಗುಲ ಹೆಚ್ಚು ಉರುಳಿದರೂ ಕಪ್ಪು ಕೈತಪ್ಪಬಹುದು. ಜೋ ಡೇವಿಸ್ 1955ರ ಜನವರಿಯಲ್ಲಿ ಲಂಡನ್ನಿನಲ್ಲಿ ಇದನ್ನು ಸಾಧಿಸಿದರೂ, ನಿಯಮದ ತಕರಾರಿನಿಂದ ಅಧಿಕೃತ ಮುದ್ರೆ ಬಿದ್ದದ್ದು 1957ರಲ್ಲಿ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಜಾನ್ ಸ್ಪೆನ್ಸರ್ ಕಥೆ. ಮೂರು ಬಾರಿಯ ವಿಶ್ವ ಚಾಂಪಿಯನ್. 1979ರ ಜನವರಿಯಲ್ಲಿ ಇಂಗ್ಲೆಂಡಿನ ಸ್ಲೌ ಪಟ್ಟಣದಲ್ಲಿ ಕ್ಲಿಫ್ ಥೋರ್‌ಬರ್ನ್ ಎದುರು 147 ಬಾರಿಸಿದರು. ಟಿ.ವಿ.ಗೆಂದೇ ಏರ್ಪಾಟಾಗಿದ್ದ ಪಂದ್ಯಾವಳಿ ಅದು. ಆದರೆ ಆ ಹೊತ್ತಿಗೆ ಕ್ಯಾಮೆರಾ ತಂಡದವರು ವಿಶ್ರಾಂತಿಗೆ ಹೋಗಿದ್ದರು, ಯಂತ್ರಗಳು ನಿಂತಿದ್ದವು. ಸಾಲದ್ದಕ್ಕೆ ಮೇಜಿನ ಪಾಕೆಟ್ಟುಗಳು ನಿಗದಿತ ಅಳತೆಗಿಂತ ಅಗಲವೆಂದು ಅಧಿಕೃತ ಪಟ್ಟಿಗೂ ಸೇರಲಿಲ್ಲ. ಚಿತ್ರವೂ ಇಲ್ಲ, ದಾಖಲೆಯೂ ಇಲ್ಲ.

ಮೂರು ವರ್ಷದ ಬಳಿಕ, 1982ರ ಜನವರಿ 11ರಂದು ಓಲ್ಡಮ್‌ನಲ್ಲಿ ಸ್ಟೀವ್ ಡೇವಿಸ್ ಕ್ಯಾಮೆರಾ ಕಣ್ಣೆದುರೇ 147 ಮುಗಿಸಿದರು. ಟಿ.ವಿ.ಯಲ್ಲಿ ದಾಖಲಾದ ಮೊದಲ ಗರಿಷ್ಠ ಬ್ರೇಕ್ ಅದು. ಬಹುಮಾನ ಒಂದು ಲಾಡಾ ಕಾರು. ಎದುರಾಳಿಯಾಗಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದವರು ಅದೇ ಜಾನ್ ಸ್ಪೆನ್ಸರ್! ಮರುವರ್ಷ ಏಪ್ರಿಲ್‌ನಲ್ಲಿ ಶೆಫೀಲ್ಡ್‌ನ ಕ್ರೂಸಿಬಲ್ ರಂಗಮಂದಿರದಲ್ಲಿ, ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ 147 ಥೋರ್‌ಬರ್ನ್ ಪಾಲಾಯಿತು. ಮೊದಲ ಕೆಂಪು ಬಿದ್ದದ್ದು ಅದೃಷ್ಟದಿಂದ. ಮುಂದಿನದೆಲ್ಲ ಕಾಲು ಗಂಟೆಯ ಕಲ್ಲುಮನಸ್ಸಿನ ಆಟ. ಪಕ್ಕದ ಮೇಜಿನಲ್ಲಿ ಆಡುತ್ತಿದ್ದ ಬಿಲ್ ವರ್ಬೆನಿಯುಕ್ ತನ್ನ ಪಂದ್ಯ ನಿಲ್ಲಿಸಿ, ಅಡ್ಡಪರದೆಯ ಅಂಚಿನಿಂದ ಇಣುಕಿ ನೋಡಿದರು. ಕೊನೆಯ ಕಪ್ಪು ಬಿದ್ದೊಡನೆ ಥೋರ್‌ಬರ್ನ್ ನೆಲಕ್ಕೆ ಮಂಡಿಯೂರಿದರು.

ಸ್ಟೀವ್ ಡೇವಿಸ್ 1982ರ ಆ ಬ್ರೇಕ್ ಆಡಿದಾಗ ಬೆಂಗಳೂರು ದೂರದರ್ಶನ ಕೇಂದ್ರಕ್ಕೆ ಎರಡು ತಿಂಗಳ ಪ್ರಾಯ. ಬಣ್ಣದ ಪ್ರಸಾರ ನಮ್ಮ ದೇಶಕ್ಕೆ ಇನ್ನೂ ಬಂದಿರಲಿಲ್ಲ. ಬ್ರಿಟನ್ನಿನಲ್ಲಿ ಬಿಬಿಸಿ 1969ರಲ್ಲೇ ‘ಪಾಟ್ ಬ್ಲ್ಯಾಕ್’ ಆರಂಭಿಸಿತ್ತು, ಬಣ್ಣದ ಟಿ.ವಿ.ಯ ಸೊಗಸು ತೋರಿಸುವ ಸಲುವಾಗಿಯೇ. ಕಪ್ಪು-ಬಿಳುಪು ಪರದೆಯಲ್ಲಿ ಕೆಂಪು ಯಾವುದು, ಕಂದು ಯಾವುದು ಎಂದು ತಿಳಿಯುವುದಾದರೂ ಹೇಗೆ? ಹೀಗಾಗಿ ಆಟ ರೂಪುಗೊಂಡ ನೆಲದ ಜನಕ್ಕೇ ಅದರ ಮಹಾ ಕ್ಷಣಗಳು ಕಾಣಿಸಲಿಲ್ಲ.

ನಮ್ಮವರೇನು ಸುಮ್ಮನೆ ಕೂತಿರಲಿಲ್ಲ. ಹವ್ಯಾಸಿ ಆಟಗಾರನೊಬ್ಬ ಅಧಿಕೃತ ಪಂದ್ಯಾವಳಿಯಲ್ಲಿ ಬಾರಿಸಿದ ಮೊದಲ 147 ಗೀತ್ ಸೇಠಿ ಅವರದು, ಜೈಪುರದ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ. ಬೆಂಗಳೂರು 1987ರಲ್ಲೇ ವಿಶ್ವ ಹವ್ಯಾಸಿ ಸ್ನೂಕರ್‌ಗೆ ಆತಿಥ್ಯ ವಹಿಸಿತ್ತು. ವೇಲ್ಸಿನ ಡ್ಯಾರೆನ್ ಮಾರ್ಗನ್ ಗೆದ್ದರು. ಅದೇ ಬೆಂಗಳೂರಿನಲ್ಲಿ ಅರವಿಂದ ಸವೂರ್ ಅವರ ಗರಡಿಯಲ್ಲಿ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ, 18ನೇ ವಯಸ್ಸಿಗೆ, ಚೀನಾದಲ್ಲಿ ಆ ಪಟ್ಟ ತಂದರು.

ಇವರ ಹೆಸರು ಪುಸ್ತಕದಲ್ಲಿದೆ. ಮಾರ್ಕರ್‌ಗಳದ್ದು? ಹಳೆಯ ಕ್ಲಬ್ಬುಗಳಲ್ಲಿ ಮೇಜಿನ ಹಸಿರು ಬಟ್ಟೆಗೆ ಬ್ರಷ್ ಎಳೆದು, ಚೆಂಡು ಜೋಡಿಸಿ, ಅಂಕ ಕೂಗಿ, ಜೊತೆಗಾರ ಸಿಗದ ಸದಸ್ಯರಿಗೆ ಎದುರಾಳಿಯಾಗಿ ನಿಂತವರು ಅವರು. ಕ್ಲಬ್ಬು ಮುಚ್ಚಿದ ಮೇಲೆ ಖಾಲಿ ಕೋಣೆಯಲ್ಲಿ ಅವರು ಬಾರಿಸಿದ ಬ್ರೇಕುಗಳಿಗೆ ಸ್ಪೆನ್ಸರ್‌ಗಿದ್ದಷ್ಟು ಸಾಕ್ಷಿಯೂ ಇಲ್ಲ. ಮೈಸೂರು, ಬೆಂಗಳೂರು, ಊಟಿಯ ಕ್ಲಬ್ಬುಗಳಲ್ಲಿ ದುಡಿದು ನಿವೃತ್ತರಾದವರನ್ನು ಹುಡುಕಿ ಕೂರಿಸಿ ಮಾತಾಡಿಸಬೇಕು. ಮೊಬೈಲ್ ಎಲ್ಲರ ಕಿಸೆಯಲ್ಲೂ ಇದೆ. ಈ ಕೆಲಸವನ್ನು ಕ್ರೀಡಾ ಇಲಾಖೆಯಾಗಲಿ, ವಿಶ್ವವಿದ್ಯಾಲಯವಾಗಲಿ, ಚಾಮರಾಜನಗರದ ಕಾಲೇಜು ಹುಡುಗರಾಗಲಿ, ಯಾರು ಕೈಗೆತ್ತಿಕೊಂಡರೂ ಸರಿಯೇ, ಈ ವರ್ಷವೇ ಶುರುವಾಗಲಿ.